ಕೊಟ್ಟ ಲೆಕ್ಕ ಇದೆ, ತಗೊಂಡ ಲೆಕ್ಕ ಎಲ್ಲಿ?

1

ಹಳೇ ಮನೆತನಗಳ ಕಾಗದಪತ್ರಗಳ ಬಗ್ಗೆ ನಮ್ಮಲ್ಲಿ ಎರಡು ಮಾತು ರೂಢಿಯಲ್ಲಿವೆ. ಮೊದಲನೆಯದು ಸಂಶೋಧಕರದು. ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿರುವ ಕಡತ, ಓಲೆಗರಿ, ಲೆಕ್ಕದ ಪುಸ್ತಕ, ಕ್ರಯಪತ್ರ ಎಲ್ಲವೂ ನಾಡಿನ ಆಸ್ತಿ. ಅವನ್ನು ಪತ್ರಾಗಾರಕ್ಕೆ ತಂದು ಕಾಪಾಡಿದರೆ ಚರಿತ್ರೆ ಉಳಿಯಿತು ಎಂಬುದು. ಎರಡನೆಯದು ನಮ್ಮ ಗೆಳೆಯರದು. ಅದೆಲ್ಲ ಅವರ ಮನೆ ಕಾಗದ, ಅದರಲ್ಲಿ ನಮ್ಮದೇನಿದೆ, ನಮ್ಮ ಚರಿತ್ರೆ ನಮ್ಮ ಹಾಡಿನಲ್ಲಿದೆ, ನಮ್ಮ ಆತ್ಮಕಥೆಗಳಲ್ಲಿದೆ, ಗೆದ್ದಲು ತಿಂದರೆ ತಿನ್ನಲಿ ಬಿಡಿ ಎಂಬುದು. ಮೊದಲ ಮಾತಿನಲ್ಲಿ ಮುಗ್ಧತೆಯ ಸೋಗಿದೆ. ಎರಡನೆಯದರಲ್ಲಿ ನ್ಯಾಯವಾದ ಸಿಟ್ಟಿದೆ. ಆದರೆ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆ: ಆ ಕಾಗದಗಳಲ್ಲಿ ಕೇರಿ ಇಲ್ಲ ಎಂಬ ವಿಷಯದಲ್ಲಿ. ಈ ಒಮ್ಮತವನ್ನೇ ಇಲ್ಲಿ ಪ್ರಶ್ನಿಸಬೇಕೆಂದಿದ್ದೇನೆ. ಆ ಕಾಗದಗಳಲ್ಲಿ ಕೇರಿ ಇದೆ. ಪುಟಪುಟದಲ್ಲೂ ಇದೆ. ಅದು ಯಾವ ವಿಭಕ್ತಿಯಲ್ಲಿದೆ ಎಂಬುದೇ ಪ್ರಶ್ನೆ.

ಕಡತ ಅನ್ನುವ ಮಾತನ್ನು ಇವತ್ತು ಕಚೇರಿಯ ಫೈಲಿಗೆ ಬಳಸುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪು ಮೈ, ಬಿಳಿ ಅಕ್ಷರ. ಬೇಕಾದರೆ ಒರೆಸಿ ಮತ್ತೆ ಬರೆಯಬಹುದು. ವ್ಯಾಪಾರಿಗಳು, ಶಾನುಭೋಗರು, ಮಠಗಳು ಇದರಲ್ಲಿ ಲೆಕ್ಕ ಇಟ್ಟರು. ಇಂಥ ಕಟ್ಟುಗಳಿಗೆ ಚರಿತ್ರೆಯನ್ನು ಮಗುಚಿ ಹಾಕುವ ಶಕ್ತಿಯಿದೆ ಎಂಬುದನ್ನು ನಾವು ಮರೆಯುವಂತಿಲ್ಲ. 1916ರಲ್ಲಿ ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನ ಗುರುಗಳಿಗೆ ಬರೆದ ಕನ್ನಡ ಕಾಗದಗಳನ್ನು ಕಂಡರು. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದ್ದು, ಮಠದ ಪುನರ್‌ಸ್ಥಾಪನೆಗೆ ಸುಲ್ತಾನ ನೆರವು ಕೊಟ್ಟದ್ದು ಅವುಗಳಿಂದ ಎಲ್ಲರ ಕಣ್ಣಿಗೆ ಬಿತ್ತು. ಟಿಪ್ಪುವಿನ ಬಗ್ಗೆ ಇವತ್ತು ಯಾರೇ ವಾದ ಮಾಡಲಿ, ಆ ಒಂದು ಕಟ್ಟನ್ನು ದಾಟಿ ಹೋಗುವಂತಿಲ್ಲ. ಒಂದು ಮಠದ ಕಾಗದ ಒಬ್ಬ ಸುಲ್ತಾನನ ಪರ ಸಾಕ್ಷಿ ನುಡಿಯಬಹುದಾದರೆ, ಶಾನುಭೋಗರ ಮನೆಯ ಲೆಕ್ಕ ಹೊಲೆಯರ ಪರ, ಮಾದಿಗರ ಪರ ಯಾಕೆ ಸಾಕ್ಷಿ ನುಡಿಯಬಾರದು? ನುಡಿಯುತ್ತದೆ. ಆದರೆ ಪಾಟೀಸವಾಲು ಮಾಡಿದರೆ ಮಾತ್ರ.

ಕಾಗದ ಉಳಿಯುವುದು ಆಕಸ್ಮಿಕವಲ್ಲ. ಅದು ಉಳಿಯಬೇಕಾದರೆ ಸೋರದ ಮಾಡು ಬೇಕು, ಅಟ್ಟ ಬೇಕು, ಮೂರು ನಾಲ್ಕು ತಲೆಮಾರು ಅದೇ ಜಾಗದಲ್ಲಿ ನಿಂತಿರುವ ಮನೆ ಬೇಕು, ಮನೆಯಲ್ಲಿ ಒಬ್ಬರಿಗಾದರೂ ಅಕ್ಷರ ಬೇಕು. ಹಳೇ ಮೈಸೂರಿನಲ್ಲಿ ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆ. ಊರಿನ ಭೂಮಿ ಲೆಕ್ಕವೆಲ್ಲ ಆ ಮನೆಯ ಪೆಟ್ಟಿಗೆಯಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬರುವ ತನಕ ಸರ್ಕಾರದ ಕಾಗದ ಯಾವುದು, ಮನೆ ಕಾಗದ ಯಾವುದು ಎಂಬ ಗೆರೆಯೇ ತೆಳುವಾಗಿತ್ತು. ಊರಿನ ನೆನಪು ಒಂದು ಜಾತಿಯ ಅಟ್ಟದ ಮೇಲಿತ್ತು. ಮಳೆಗಾಲಕ್ಕೊಮ್ಮೆ ಸೋಗೆ ಹೊದಿಸುವ, ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಇಡೀ ಸಾಲಿಗೆ ಸಾಲೇ ಉರಿದುಹೋಗುವ ಗುಡಿಸಲಿನಲ್ಲಿ ಏನು ಉಳಿಯಲು ಸಾಧ್ಯ? ಹೀಗಾಗಿ ಪತ್ರಾಗಾರದ ಕಪಾಟು ಊರಿನ ಚರಿತ್ರೆಗಿಂತ ಮೊದಲು ಊರಿನ ಮಾಡುಗಳ ಚರಿತ್ರೆಯನ್ನು ಹೇಳುತ್ತದೆ.

2

ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಹೋದ ವರ್ಷ ಒಂದು ಹಳೇ ಮನೆಯಲ್ಲಿ ಜಮಾ ಖರ್ಚಿನ ಪುಸ್ತಕಗಳಿವೆ ಎಂದು ಕೇಳಿ ನೋಡಲು ಹೋಗಿದ್ದೆ. ಮನೆಯ ಹಿರಿಯರು ಒಳ್ಳೆಯವರು. ಕೂರಿಸಿ, ಕಾಫಿ ಕೊಟ್ಟು, ಪುಸ್ತಕ ಮುಂದಿಟ್ಟರು. ನನ್ನ ಊರು ಕೇರಿ ವಿಚಾರಿಸಿಕೊಂಡ ಮೇಲೆ ಒಂದು ಮಾತು ಹೇಳಿದರು: “ನೋಡಿ ಮೇಷ್ಟ್ರೇ, ನಮ್ಮ ತಾತನ ಕಾಲದಿಂದ ನಿಮ್ಮವರಿಗೆ ಏನೇನು ಕೊಟ್ಟಿದ್ದೀವೋ ಎಲ್ಲಾ ಇದರಲ್ಲಿದೆ.” ಆ ಮಾತಿನಲ್ಲಿ ಕೆಡುಕು ಇರಲಿಲ್ಲ. ಹೆಮ್ಮೆ ಇತ್ತು. ಅದು ನಿಜವೂ ಆಗಿತ್ತು. ಅಲ್ಲಿ ಇದ್ದದ್ದೆಲ್ಲ ಕೊಟ್ಟದ್ದೇ.

ಪುಸ್ತಕವನ್ನು ವ್ಯಾಕರಣ ಪಾಠದ ಹಾಗೆ ಓದಿದೆ. ಮನೆಯವರಿಗೆ, ನೆಂಟರಿಗೆ, ಸಾಲ ಕೊಟ್ಟ ಸಾಹುಕಾರರಿಗೆ ತಂದೆಯ ಹೆಸರಿದೆ, ಊರಿದೆ, ಕೊನೆಗೊಂದು ಅಯ್ಯ, ಗೌಡ, ಶೆಟ್ಟಿ, ರಾಯ ಇದೆ. ಆಳುಗಳಿಗೆ ಇರುವುದು ಒಂದು ತುಂಡು ಹೆಸರು. ಅದರ ಹಿಂದೆಯೋ ಮುಂದೆಯೋ ಜಾತಿ. ಆ ಹೆಸರು ಯಾವಾಗಲೂ ಚತುರ್ಥಿ ವಿಭಕ್ತಿಯಲ್ಲಿ. ಇಂಥವನಿಗೆ ಭತ್ತ, ಇಂಥವನಿಗೆ ಕಂಬಳಿ, ಇಂಥವನಿಗೆ ಮಗನ ಮದುವೆ ಬಾಬತ್ತು ಸಾಲ. ಇಂಥವನು ಉತ್ತನು, ಇಂಥವನು ಬಿತ್ತಿದನು, ಇಂಥವನು ಕೆರೆಯ ಕೋಡಿ ಕಾದನು ಎಂದು ಒಂದು ಪ್ರಥಮಾ ವಿಭಕ್ತಿ ಇಡೀ ಪುಸ್ತಕದಲ್ಲಿ ಇಲ್ಲ. ಭತ್ತ ಗದ್ದೆಯಿಂದ ‘ಬಂತು’. ಹೇಗೆ ಬಂತು? ತಾನೇ ನಡೆದು ಬಂತು. ಬಂದ ಭತ್ತದಲ್ಲಿ ಒಂದಿಷ್ಟನ್ನು ಅದನ್ನು ಬೆಳೆದವನಿಗೇ ‘ಕೊಡಲಾಯಿತು’. ಬೆಳೆದದ್ದು ಲೆಕ್ಕಕ್ಕಿಲ್ಲ, ಪಡೆದದ್ದು ಲೆಕ್ಕದಲ್ಲಿದೆ. ಹೀಗೆ ದುಡಿದವನು ಸಾಲಗಾರನಾಗುತ್ತಾನೆ, ಉಂಡವನು ದಾನಿಯಾಗುತ್ತಾನೆ. ಇದು ಯಾರೋ ಒಬ್ಬ ಶಾನುಭೋಗನ ಕಪಟ ಅಲ್ಲ. ಲೆಕ್ಕ ಬರೆಯುವ ಪದ್ಧತಿಯೇ ಹಾಗೆ.

ಹೆಂಗಸರ ವಿಷಯ ಇನ್ನೂ ಕೆಳಗೆ. ನಾಟಿಯ ದಿನ, ಕಳೆಯ ದಿನ ಅವರು ಬರುತ್ತಾರೆ. ಹೆಸರಾಗಿ ಅಲ್ಲ, ಸಂಖ್ಯೆಯಾಗಿ. ಹೆಣ್ಣಾಳು ಇಷ್ಟು ಎಂದರೆ ಮುಗಿಯಿತು. ಗಂಡಸಿಗೆ ತುಂಡು ಹೆಸರಾದರೂ ಇತ್ತು. ಅವ್ವನಿಗೆ ಅದೂ ಇಲ್ಲ. ನಮ್ಮ ಆತ್ಮಕಥೆಗಳಲ್ಲಿ, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಾಗಲಿ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಾಗಲಿ, ಕೇರಿ ಮೊದಲ ಬಾರಿಗೆ ಕರ್ತೃವಾಗಿ ಮಾತಾಡಿತು ಎಂದು ನಾವು ಸಂಭ್ರಮಿಸುತ್ತೇವೆ. ಸರಿಯೇ. ಆದರೆ ಅವು ಯಾವ ವಾಕ್ಯಕ್ಕೆ ಉತ್ತರವಾಗಿ ಬಂದವು ಎಂದು ತಿಳಿಯಬೇಕಾದರೆ ಈ ಚತುರ್ಥಿಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಓದಬೇಕು.

3

ಅಕ್ಷರ ಇಲ್ಲದಿದ್ದ ಕಾರಣ ಕೇರಿಗೆ ದಾಖಲೆಯೂ ಇರಲಿಲ್ಲ ಎಂದು ಹೇಳುವವರಿಗೆ ಒಂದು ವಿಷಯ ನೆನಪಿಸಬೇಕು. 1873ರ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಜೆ.ಎಸ್.ಎಫ್. ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಕುಲವಾಡಿಯ ಬಗ್ಗೆ ಬರೆದಿದ್ದಾನೆ. ಕುಲವಾಡಿ ಎಂದರೆ ಹೊಲೆಯರ ಪೈಕಿ ಊರ ಚಾಕರಿಗೆ ನಿಂತವನು. ಎರಡು ಊರುಗಳ ಎಲ್ಲೆಯ ವಿಷಯದಲ್ಲಿ ತಕರಾರು ಬಂದರೆ ಪ್ರಮಾಣ ಮಾಡಿ ಎಲ್ಲೆ ಇಂಥ ಕಡೆ ಹಾದುಹೋಗುತ್ತದೆ ಎಂದು ಹೇಳುವ ಅರ್ಹತೆ ಅವನೊಬ್ಬನಿಗೇ ಇತ್ತಂತೆ. ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆಯುದ್ದಕ್ಕೂ ನಡೆಯಬೇಕು. ಸರಿಯಾಗಿ ನಡೆದರೆ ಸರಿ. ತಪ್ಪಿ ಗೆರೆ ದಾಟಿದರೆ ಉಂಡೆ ತಾನಾಗೇ ಒಡೆದುಹೋಗುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬ ನಂಬಿಕೆ.

ಈ ವಿವರವನ್ನು ನಮ್ಮ ಜಾನಪದ ತಜ್ಞರು ಒಂದು ವಿಚಿತ್ರ ಆಚರಣೆ ಎಂದು ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತಾರೆ. ನಾನಿದನ್ನು ಪತ್ರಾಗಾರದ ಚರಿತ್ರೆಯ ಮೊದಲ ಅಧ್ಯಾಯ ಎಂದು ಓದುತ್ತೇನೆ. ಊರಿನ ಭೂದಾಖಲೆ ಒಂದು ಕಾಲಕ್ಕೆ ಹೊಲೆಯನ ತಲೆಯಲ್ಲಿತ್ತು, ಕಾಲಿನಲ್ಲಿತ್ತು. ಯಾವ ಕಲ್ಲು ಎಲ್ಲಿದೆ, ಯಾವ ಹಳ್ಳ ಯಾವಾಗ ದಿಕ್ಕು ಬದಲಿಸಿತು ಎಂಬುದು ಅವನಿಗೆ ಗೊತ್ತು. ಆ ಜ್ಞಾನವಿಲ್ಲದೆ ಊರಿಗೆ ಊರೇ ಇಲ್ಲ. ಆದರೆ ತಪ್ಪಾದರೆ ಸಾಯುವವನು ಅವನು, ಹಾಳು ಬೀಳುವುದು ಅವನ ಮನೆ. ಎಲ್ಲೆ ಉಳಿದರೆ ಬೆಳೆ ಮಾತ್ರ ಗೌಡನದು. ರುಜುವಾತಿನ ಭಾರ ಅಂದರೆ ಇದು: ಅಕ್ಷರಶಃ ತಲೆಯ ಮೇಲಿನ ಭಾರ.

1863ರಿಂದ ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಶುರುವಾಯಿತು. ಸರಪಳಿ ಬಂತು, ಬಾಂದುಕಲ್ಲು ಬಂತು, ಸರ್ವೆ ನಂಬರು ಬಂತು. ಕುಲವಾಡಿ ತಲೆಯಲ್ಲಿದ್ದುದು ಕಾಗದಕ್ಕೆ ಇಳಿಯಿತು. ಕಾಗದಕ್ಕೆ ಇಳಿದ ಮೇಲೆ ಅವನಿಗೆ ಉಳಿದದ್ದು ತೋಟಿಯ ಕೆಲಸ, ಶಾನುಭೋಗರ ಲೆಕ್ಕದ ಗಂಟನ್ನು ಹೊತ್ತು ತಾಲ್ಲೂಕು ಕಚೇರಿಗೆ ನಡೆಯುವುದು. ಮೊದಲು ತಲೆಯೊಳಗೆ ದಾಖಲೆ ಇದ್ದವನ ತಲೆಯ ಮೇಲೆ ಈಗ ದಾಖಲೆಯ ಗಂಟು. ಗಂಟಿನೊಳಗೆ ಏನು ಬರೆದಿದೆ ಎಂದು ಓದಲು ಅವನಿಗೆ ಬಾರದು. ನಮ್ಮಿಂದ ಅಕ್ಷರ ಕಸಿದರು ಎಂದಷ್ಟೇ ಹೇಳಿದರೆ ಸಾಲದು. ನಮ್ಮ ನೆನಪನ್ನೇ ಅಕ್ಷರ ಮಾಡಿಕೊಂಡು, ನೆನಪಿಗೆ ಬೆಲೆ ಇಲ್ಲ ಎಂದರು.

4

ಕಾಗದಕ್ಕೆ ಇಳಿಯುವಾಗ ಯಾರನ್ನು ಕೇಳಿದರು ಎಂಬುದು ಮುಂದಿನ ಪ್ರಶ್ನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ನಿಂತವನು ಕಾಲಿನ್ ಮೆಕೆಂಜಿ. ಮೇಲೆ ಹೇಳಿದ ಮೆಕೆಂಜಿ ಬೇರೆ, ಇವನು ಬೇರೆ. ಇವನ ಸಹಾಯಕರಾದ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದವರು ಊರೂರು ತಿರುಗಿ ಕೈಫಿಯತ್ತುಗಳನ್ನು ಕೂಡಿಸಿದರು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ದೊಡ್ಡ ಕೆಲಸ. ಸ್ಥಳೀಯ ಚರಿತ್ರೆ ಬರೆಯುವವರೆಲ್ಲ ಅದಕ್ಕೆ ಋಣಿಗಳು. ಆದರೆ ಕೈಫಿಯತ್ತು ಎಂದರೆ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ. ಊರು ಯಾರು ಕಟ್ಟಿದರು, ಗುಡಿ ಯಾರು ಕಟ್ಟಿಸಿದರು, ಯಾವ ಪಾಳೆಯಗಾರ ಎಷ್ಟು ವರ್ಷ ಆಳಿದ, ಯಾರಿಗೆ ಎಷ್ಟು ಮಾನ್ಯ? ಉತ್ತರ ಬರೆಸಿದವರು ಮುಖ್ಯವಾಗಿ ಶಾನುಭೋಗರು, ಅರ್ಚಕರು, ಊರ ಹಿರೀಕರು. ಎಲ್ಲೆ ಹೇಳಲು ಬೇಕಾಗಿದ್ದ ಕುಲವಾಡಿ ಊರಿನ ಕತೆ ಹೇಳಲು ಬೇಕಾಗಲಿಲ್ಲ. ಕೆರೆ ಕಟ್ಟಿಸಿದವನ ಹೆಸರು ಸಿಗುತ್ತದೆ, ಕೆರೆಗೆ ಮಣ್ಣು ಹೊತ್ತವರದಲ್ಲ. ‘ಕಟ್ಟಿಸಿದ’ ಎಂಬ ಪ್ರೇರಣಾರ್ಥಕ ಕ್ರಿಯಾಪದದೊಳಗೆ ಕಟ್ಟಿದವರೆಲ್ಲ ಹೂತುಹೋಗಿದ್ದಾರೆ.

ಹಾಗಾದರೆ ಇಂಥ ದಾಖಲೆಗಳನ್ನು ಏನು ಮಾಡಬೇಕು? ಬಾಬಾಸಾಹೇಬರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಮೂಲವನ್ನು ಕುರಿತ ಗ್ರಂಥದಲ್ಲಿ ಒಂದು ದಾರಿ ಇದೆ. ಮಹಾರಾಷ್ಟ್ರದ ಮಹಾರರು ಊರಿನ ಮೇಲೆ ತಮಗೆ 52 ಹಕ್ಕುಗಳಿವೆ, ಅವನ್ನು ಕೊಟ್ಟವನು ಬೀದರಿನ ಬಾದಶಹ ಎಂದು ಹೇಳಿಕೊಂಡು ಬಂದಿದ್ದಾರೆ. ನಮ್ಮ ಬೀದರೇ. ಅದರ ಹಿಂದೆ ಅಮೃತನಾಕನೆಂಬ ಮಹಾರ ವೀರನ ಕತೆಯೂ ಇದೆ. ಬಾದಶಹನ ಮನೆಯ ಹೆಣ್ಣನ್ನು ಕಾಪಾಡಿ ತಂದ ಸ್ವಾಮಿನಿಷ್ಠೆಗೆ ಸಿಕ್ಕ ಬಹುಮಾನವೇ ಈ ಹಕ್ಕುಗಳು ಎಂದು ಆ ಕತೆ. ಅಂಬೇಡ್ಕರರು ಈ ಪರಂಪರೆಯನ್ನು ತಳ್ಳಿಹಾಕುವುದಿಲ್ಲ, ಹಾಗೇ ನುಂಗುವುದೂ ಇಲ್ಲ. ಬಾದಶಹ ಹೊಸದಾಗಿ ಕೊಟ್ಟಿರಲಾರ, ಬಹಳ ಹಿಂದಿನಿಂದ ಇದ್ದ ಹಕ್ಕುಗಳನ್ನು ಅವನು ಸ್ಥಿರಪಡಿಸಿರಬೇಕು ಎನ್ನುತ್ತಾರೆ. ‘ಕೊಟ್ಟದ್ದು’ ಎಂಬ ಒಂದು ಕ್ರಿಯಾಪದವನ್ನು ಅವರು ತಡೆದು ನಿಲ್ಲಿಸಿ, ಕೊಡುವ ಮೊದಲು ಅದು ಯಾರದಾಗಿತ್ತು ಎಂದು ಕೇಳಿದರು. ದಲಿತ ವಿಮರ್ಶೆ ಎಂದು ನಾವು ಕರೆಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಸಿಕ್ಕಿಲ್ಲ.

ಅಂಬೇಡ್ಕರರು ಇದನ್ನು ಭಾವುಕರಾಗಿ ಓದಿದವರಲ್ಲ ಎಂಬುದನ್ನೂ ಸೇರಿಸಬೇಕು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತರಲು ಅವರೇ ಮಸೂದೆ ಮಂಡಿಸಿದರು. ಮಹಾರ ವತನ ಎಂಬುದು ಕಾಗದದಲ್ಲಿ ಹಕ್ಕು, ಕೇರಿಯಲ್ಲಿ ಹೊತ್ತುಗೊತ್ತಿಲ್ಲದ ಬಿಟ್ಟಿ ಚಾಕರಿ ಎಂದು ಅವರು ಕಂಡಿದ್ದರು. ನಮ್ಮ ಕಡೆಯ ತೋಟಿ, ತಳವಾರ, ನೀರಗಂಟಿ ಇನಾಮುಗಳ ಕತೆಯೂ ಅದೇ. ಒಂದು ತುಂಡು ನೆಲ ತೋರಿಸಿ ಮೂರು ತಲೆಮಾರನ್ನು ಕಟ್ಟಿಹಾಕುವುದು. ಆದ್ದರಿಂದ ಹಳೇ ಕಾಗದದಲ್ಲಿ ನಮ್ಮ ಹೆಸರು ಸಿಕ್ಕಿತೆಂದು ಕುಣಿಯಬೇಕಾಗಿಲ್ಲ. ಸಿಕ್ಕ ಹೆಸರು ಯಾವ ಹಗ್ಗಕ್ಕೆ ಕಟ್ಟಿದೆ ಎಂದು ನೋಡಬೇಕು.

5

ಹಗ್ಗ ಹೆಸರು ಬದಲಿಸುತ್ತದೆ, ಬಿಚ್ಚುವುದಿಲ್ಲ. ಕೊಡಗಿನ ಹಳೇ ವ್ಯವಸ್ಥೆಯಲ್ಲಿ ಜೀತದ ಆಳುಗಳಲ್ಲಿ ಎರಡು ಬಗೆ ಇದ್ದುದನ್ನು ಗೆಜೆಟಿಯರು ದಾಖಲಿಸುತ್ತದೆ. ಭೂಮಿ ಜಮ್ಮದವರು ನೆಲಕ್ಕೆ ಸೇರಿದವರು, ನೆಲ ಬಿಟ್ಟು ಬೇರೆ ಕಡೆ ಅವರನ್ನು ಸಾಗಿಸುವಂತಿಲ್ಲ. ಒಕ್ಕಲು ಜಮ್ಮದವರು ಯಜಮಾನನ ಸ್ವಂತದವರು, ಅವರನ್ನು ಮಾರಬಹುದು, ಅಡವಿಡಬಹುದು. ಇವತ್ತು ಕೊಡಗಿನ ಐನ್‌ಮನೆಗಳ ಬಗ್ಗೆ, ಅವುಗಳ ಕಂಬ, ಕೈಸಾಲೆ, ಹಿರಿಯರ ನೆನಪಿನ ಬಗ್ಗೆ ಅಚ್ಚುಕಟ್ಟಾದ ಪುಸ್ತಕಗಳು ಬರುತ್ತಿವೆ, ಬರಲಿ. ಮನೆಯ ಮೇಲಿನ ಪ್ರೀತಿಗೆ ನನ್ನ ತಕರಾರಿಲ್ಲ. ಆ ಮನೆಗಳ ಗದ್ದೆ ಉತ್ತವರು ಯಾವ ಬಗೆಯ ಜಮ್ಮದಲ್ಲಿ ಬರೆಯಲ್ಪಟ್ಟಿದ್ದರು ಎಂದು ಕೇಳದೆ ಕಂಬದ ಕೆತ್ತನೆಯನ್ನು ಹೊಗಳುವ ವಿಮರ್ಶೆಯ ಬಗ್ಗೆ ಮಾತ್ರ ತಕರಾರಿದೆ.

1843ರ 5ನೇ ಕಾಯ್ದೆಯ ಮೂಲಕ ಕಂಪನಿ ಸರ್ಕಾರ ಜೀತದಾಳಿನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದು ಎಂದಿತು. ಆಳನ್ನು ಮಾರುವ ಪತ್ರ ಅಲ್ಲಿಗೆ ಬೆಲೆ ಕಳೆದುಕೊಂಡಿತು. ಆದರೆ ಸಾಲದ ಪತ್ರಕ್ಕೆ ಬೆಲೆ ಇತ್ತಲ್ಲ! ಹಿಂದೆ ಆಳಿನ ಹೆಸರು ಆಸ್ತಿಯ ಪಟ್ಟಿಯಲ್ಲಿತ್ತು, ಈಗ ಸಾಲಗಾರರ ಪಟ್ಟಿಗೆ ಹೋಯಿತು. ಅದೇ ಮನೆ, ಅದೇ ಆಳು, ಅದೇ ಚತುರ್ಥಿ ವಿಭಕ್ತಿ.

ಕನ್ನಡ ಕಾದಂಬರಿ ಇದನ್ನು ಕಂಡಿಲ್ಲವೆನ್ನುವಂತಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಬಗ್ಗೆ ನಮ್ಮವರು ಸಾಕಷ್ಟು ಜಗಳವಾಡಿದ್ದೇವೆ. ಚೋಮನ ಬೇಸಾಯದ ಆಸೆ, ಅವನ ಸಿಟ್ಟು ದುಡಿಯಲ್ಲೇ ಮುಗಿದುಹೋಗುವುದು, ಮೇಲ್ಜಾತಿಯ ಲೇಖಕನ ಅನುಕಂಪ ಇವೆಲ್ಲ ಚರ್ಚೆಯಾಗಿವೆ. ಆದರೆ ಆ ಕಾದಂಬರಿಯನ್ನು ನಡೆಸುವುದು ಒಂದು ಲೆಕ್ಕದ ಪುಸ್ತಕ ಎಂಬುದನ್ನು ನಾವು ಗಮನಿಸಿದ್ದು ಕಡಿಮೆ. ಕಾಫಿ ತೋಟದ ಸಾಲ ತೀರಿಸಲು ಚೋಮನ ಗಂಡುಮಕ್ಕಳು ಹೋಗುತ್ತಾರೆ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಮತ ಬಿಟ್ಟು ಹೋಗುತ್ತಾನೆ, ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಮಗಳು ಬೆಳ್ಳಿಯ ಮೈಯ ಬೆಲೆಯಲ್ಲಿ ಅದು ತೀರುತ್ತದೆ. ತೀರಿತು ಎಂದು ಪುಸ್ತಕದಲ್ಲಿ ಹೊಡೆದುಹಾಕುವ ಗೆರೆಯಷ್ಟೇ ದಾಖಲೆ. ಏನು ಕೊಟ್ಟು ತೀರಿತು ಎಂಬುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ. ಕಾರಂತರ ಕಾದಂಬರಿ ಆ ಇಲ್ಲದ ಅಂಕಣವನ್ನು ತೋರಿಸುತ್ತದೆ. ಅಲ್ಲಿಯ ತನಕ ಅದಕ್ಕೆ ನಮ್ಮ ಗೌರವ ಸಲ್ಲಬೇಕು. ಆ ಅಂಕಣವನ್ನು ಬೆಳ್ಳಿಯೇ ತುಂಬುವ ಬರವಣಿಗೆ ನಮ್ಮ ಕಾಲದ ಹೊಣೆ.

ದೇವನೂರ ಮಹಾದೇವರ ‘ಒಡಲಾಳ’ ಈ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಸಾಹುಕಾರನ ಕಡಲೆಕಾಯಿ ಮೂಟೆ ಸಾಕವ್ವನ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಕೂತು ತಿಂದು ಮುಗಿಸುತ್ತಾರೆ. ಶೋಧಕ್ಕೆ ಬರುವ ಪೊಲೀಸರಿಗೆ ಆ ಮನೆಯಲ್ಲಿ ಸಾಕ್ಷಿ ಬೇಕು. ಸಾಕ್ಷಿ ಹೊಟ್ಟೆ ಸೇರಿದೆ. ಕೇರಿಯ ಮನೆಗೆ ಸರ್ಕಾರ ಬರುವುದು ಶೋಧಕ್ಕೆ, ದಾಖಲೆ ಬರೆಯುವುದು ಕಳವಿಗೆ. ಆ ಮೂಟೆ ಯಾರ ದುಡಿಮೆ ಎಂದು ಹುಡುಕುವ ಶೋಧ ಯಾವತ್ತೂ ನಡೆದಿಲ್ಲ. ನಾವು ನಗುತ್ತಾ ಓದುವ ಆ ಪುಟಗಳ ಕೆಳಗೆ ಈ ಪ್ರಶ್ನೆ ಇದೆ.

6

ಸಾಹಿತ್ಯ ವಿಮರ್ಶೆ ಹೇಳಲು ಹಿಂಜರಿದದ್ದನ್ನು ಎರಡು ಕಾನೂನುಗಳು ಹೇಳಿದವು. 1976ರ ಜೀತಪದ್ಧತಿ ರದ್ದಿಯಾತಿ ಕಾಯ್ದೆಯ 15ನೇ ಕಲಮನ್ನು ನಮ್ಮ ಕಾರ್ಯಕರ್ತರು ಬಲ್ಲರು. ಇದು ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಭಾರ ಸಾಲ ಕೊಟ್ಟವನದು. 1978ರ ಕರ್ನಾಟಕದ ಪಿ.ಟಿ.ಸಿ.ಎಲ್. ಕಾಯ್ದೆಯ 5ನೇ ಕಲಮಿನಲ್ಲೂ ಇಂಥದೇ ಮಾತಿದೆ. ದಲಿತರಿಗೆ ಮಂಜೂರಾದ ಜಮೀನು ಬೇರೆಯವರ ಕೈಯಲ್ಲಿದ್ದರೆ, ಅದು ಅಸಿಂಧುವಾದ ವರ್ಗಾವಣೆಯಿಂದ ಬಂದದ್ದು ಎಂದೇ ಭಾವಿಸಬೇಕು, ಅಲ್ಲ ಎಂದು ಅವರೇ ರುಜುವಾತು ಮಾಡಬೇಕು. ಮಣ್ಣಿನ ಉಂಡೆಯನ್ನು ಕುಲವಾಡಿಯ ತಲೆಯಿಂದ ಇಳಿಸಿ ಎದುರಾಳಿಯ ತಲೆಗೆ ಹೊರಿಸಿದ ಕಲಮುಗಳಿವು. ಹೋರಾಟವಿಲ್ಲದೆ ಇವು ಒಂದು ದಿನವೂ ಕೆಲಸ ಮಾಡಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ಸಮಂಜಸವಾದ ಕಾಲದೊಳಗೆ ಅರ್ಜಿ ಹಾಕದಿದ್ದರೆ ಪಿ.ಟಿ.ಸಿ.ಎಲ್. ಅಡಿಯಲ್ಲಿ ಜಮೀನು ವಾಪಸು ಕೇಳುವಂತಿಲ್ಲ ಎಂಬ ತೀರ್ಪು ಕೊಟ್ಟಿತು. ಆ ತೀರ್ಪು ಹಿಡಿದು ಎಷ್ಟೋ ಅರ್ಜಿಗಳು ಬಿದ್ದುಹೋದವು. ಧರಣಿ ಕೂತ ಮೇಲೆ 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದು ಸೇರಿಸಬೇಕಾಯಿತು.

ಸಮಂಜಸವಾದ ಕಾಲ ಅಂದರೆ ಎಷ್ಟು? ಕಾಗದ ಇರುವವನಿಗೆ ಕಾಲ ಒಂದು ರೀತಿ, ಕಾಗದ ಇಲ್ಲದವನಿಗೆ ಇನ್ನೊಂದು ರೀತಿ. ನನ್ನ ತರಗತಿಯ ಮಕ್ಕಳಿಗೆ ಒಮ್ಮೆ ನಿಮ್ಮ ಮನೆಯಲ್ಲಿರುವ ಅತಿ ಹಳೆಯ ಕಾಗದ ಯಾವುದು ನೋಡಿಕೊಂಡು ಬನ್ನಿ ಎಂದಿದ್ದೆ. ಕೆಲವರ ಮನೆಯಲ್ಲಿ ತಾಳೆಗರಿ ಪಂಚಾಂಗ, ಕ್ರಯಪತ್ರ, ವಂಶವೃಕ್ಷ. ಕೇರಿಯ ಮಕ್ಕಳು ಹೇಳಿದ್ದು ಬೇರೆ. ಅಜ್ಜನ ಸಾಗುವಳಿ ಚೀಟಿ, ಹಳೇ ರೇಷನ್ ಕಾರ್ಡು, ಅಪ್ಪನ ಹಾಸ್ಟೆಲ್ ಸೇರ್ಪಡೆ ಪತ್ರ, ಜಾತಿ ಪ್ರಮಾಣಪತ್ರ, ಸಂಘರ್ಷ ಸಮಿತಿಯ ಒಂದು ಕರಪತ್ರ. ಒಬ್ಬಳ ಮನೆಯಲ್ಲಿ ಚೀಟಿಯನ್ನು ಅಂಬೇಡ್ಕರ್ ಪಟದ ಹಿಂದೆ, ಗಾಜಿಗೂ ರಟ್ಟಿಗೂ ನಡುವೆ ಇಟ್ಟಿದ್ದರು. ಸೋರದ ಜಾಗ ಅದೊಂದೇ ಅಂತ. ಇನ್ನೊಬ್ಬ ಹೇಳಿದ: “ಸಾರ್, ನಮ್ಮ ತಾತಂದು ಗೌಡ್ರ ಮನೇಲಿದೆ. ಜೋಪಾನವಾಗಿ ಇಟ್ಟಿರ್ತೀವಿ ಅಂತ ಇಸ್ಕೊಂಡಿದ್ರಂತೆ.” ತರಗತಿಯಲ್ಲಿ ಯಾರೂ ನಗಲಿಲ್ಲ.

ಇವು ನಮ್ಮ ಮನೆತನದ ಕಾಗದಗಳು. ಯಾವ ಪತ್ರಾಗಾರವೂ ಇವುಗಳನ್ನು ಕೌಟುಂಬಿಕ ದಾಖಲೆ ಎಂದು ಕರೆದು ಕಪಾಟಿನಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ. ದಿವಾನರ ಮನೆಯ ಆಮಂತ್ರಣ ಪತ್ರಿಕೆ ಚಾರಿತ್ರಿಕ ದಾಖಲೆ. ಎರಡು ಎಕರೆಯ ಸಾಗುವಳಿ ಚೀಟಿ ಕಂದಾಯ ಇಲಾಖೆಯ ಹಳೇ ಕಾಗದ. ಈ ತಾರತಮ್ಯವನ್ನು ಶಾಸ್ತ್ರ ಎಂದು ಹೇಳಿಕೊಡಲಾಗುತ್ತಿದೆ.

7

ನನ್ನ ವಾದ ಇಷ್ಟೇ. ಆ ಎರಡು ಕಾಯ್ದೆಗಳು ಮಾಡಿದ್ದನ್ನು ವಿಮರ್ಶೆಯೂ ಮಾಡಬೇಕು. ರುಜುವಾತಿನ ಭಾರವನ್ನು ಮಗುಚಬೇಕು. ಹಳೇ ಮನೆಯ ಕಾಗದದಲ್ಲಿ ‘ಕೊಟ್ಟದ್ದು’ ಎಂದು ಕಂಡ ಕಡೆಯಲ್ಲೆಲ್ಲ, ಅದಕ್ಕೂ ಮೊದಲು ತಗೊಂಡದ್ದು ಇದೆ ಎಂದು ಭಾವಿಸಿ ಓದಬೇಕು. ಇಲ್ಲ ಎನ್ನುವವರು ತೋರಿಸಲಿ. ಹಾಗೆ ಓದಿದರೆ ಊಹೆಗೆ ಕಡಿವಾಣ ಎಲ್ಲಿ, ಬೇಕಾದದ್ದನ್ನೆಲ್ಲ ಕಟ್ಟಿ ಹೇಳಬಹುದಲ್ಲ ಎಂದು ಸಂಶೋಧಕ ಮಿತ್ರರು ಕೇಳುತ್ತಾರೆ. ಭಾವಿಸುವುದು ಎಂದರೆ ತೀರ್ಪು ಕೊಡುವುದಲ್ಲ. ಕಾನೂನು ಕೂಡ ‘ಬೇರೆ ರೀತಿ ರುಜುವಾತಾಗುವ ತನಕ’ ಎಂಬ ಷರತ್ತು ಇಟ್ಟೇ ಮಾತಾಡುತ್ತದೆ. ನಾವೂ ಆ ಷರತ್ತಿಗೆ ಬದ್ಧರು. ಆದರೆ ಇಷ್ಟು ದಿನ ನಡೆದದ್ದೂ ಊಹೆಯೇ: ಬರೆದವನು ಸತ್ಯ ಬರೆದ, ಬರೆಯದವನಿಗೆ ಹೇಳಲು ಏನೂ ಇರಲಿಲ್ಲ ಎಂಬ ಊಹೆ. ಅದಕ್ಕೆ ಯಾರೂ ಪುರಾವೆ ಕೇಳಲಿಲ್ಲ.

ಗೆದ್ದಲು ತಿನ್ನಲಿ ಬಿಡಿ ಎನ್ನುವ ಗೆಳೆಯರಿಗೂ ಒಂದು ಮಾತು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ. ಸುಡುವ ನಿರ್ಧಾರದ ಹಿಂದಿದ್ದವರು ಅದನ್ನು ಅಕ್ಷರ ಅಕ್ಷರ ಓದಿದ್ದವರು, ಆಮೇಲೂ ಓದುತ್ತಲೇ ಇದ್ದವರು. ಹುಟ್ಟಿನಿಂದ ಅಸ್ಪೃಶ್ಯನಾದ ಸುಬೇದಾರನ ಮಗ 1930ರ ದಶಕದಲ್ಲಿ ಮುಂಬಯಿಯ ದಾದರಿನಲ್ಲಿ ರಾಜಗೃಹ ಎಂಬ ಮನೆಯನ್ನು ಪುಸ್ತಕಗಳಿಗಾಗಿಯೇ ಎನ್ನುವಂತೆ ಕಟ್ಟಿಸಿದರು. ಕಾಗದ ಉಳಿಯಬೇಕಾದರೆ ಮನೆ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಅಂಥವರು 1956ರಲ್ಲಿ ತೀರಿಕೊಂಡ ಮೇಲೆ ಅವರ ಅಪ್ರಕಟಿತ ಹಸ್ತಪ್ರತಿಗಳು ವರ್ಷಗಟ್ಟಲೆ ಪೆಟ್ಟಿಗೆಗಳಲ್ಲಿ, ಮೊದಲು ದೆಹಲಿ ಹೈಕೋರ್ಟಿನ ಸುಪರ್ದಿಯಲ್ಲಿ, ಆಮೇಲೆ ಮಹಾರಾಷ್ಟ್ರದ ಅಡ್ಮಿನಿಸ್ಟ್ರೇಟರ್ ಜನರಲ್ ಸುಪರ್ದಿಯಲ್ಲಿ ಬಿದ್ದಿದ್ದವು. ಮಹಾರಾಷ್ಟ್ರ ಸರ್ಕಾರ ಬರಹ ಭಾಷಣಗಳ ಮೊದಲ ಸಂಪುಟ ತಂದದ್ದು 1979ರಲ್ಲಿ. ಸಂವಿಧಾನ ಬರೆದವರ ಕಾಗದಗಳಿಗೇ ಈ ಗತಿಯಾದರೆ, ಊರ ತೋಟಿಯ ಚೀಟಿಯ ಬಗ್ಗೆ ಹೇಳುವುದೇನಿದೆ?

ಆಗಬೇಕಾದ ಕೆಲಸಗಳು ಮೂರು. ಒಂದು, ಶಾನುಭೋಗರ ಮನೆಗಳ, ಮಠಗಳ, ಜಮೀನ್ದಾರಿ ಮನೆತನಗಳ ಲೆಕ್ಕದ ಪುಸ್ತಕಗಳನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಪಠ್ಯವಾಗಿ ಎತ್ತಿಕೊಳ್ಳಬೇಕು. ಮೋಡಿ ಲಿಪಿ, ಹಳೇ ಅಂಕಿ, ಕಡತದ ಸಂಕ್ಷೇಪಾಕ್ಷರ ಕಲಿಯಬೇಕು. ಅದು ಅವರ ವಿದ್ಯೆ ಎಂದು ದೂರ ನಿಂತರೆ ಗಂಟು ಹೊರುವವರಾಗಿಯೇ ಉಳಿಯುತ್ತೇವೆ. ಎರಡು, ಕೇರಿಯ ಕಾಗದಗಳ ನಕಲು ತೆಗೆದು ಇಡುವ ಜಾಗ ನಮ್ಮ ಕಾಲೇಜುಗಳಲ್ಲಿ, ಸಂಘಟನೆಗಳ ಕಚೇರಿಗಳಲ್ಲಿ ಆಗಬೇಕು. ಮೂಲ ಕಾಗದ ಮಾತ್ರ ಮನೆಯವರ ಕೈಯಲ್ಲೇ ಇರಬೇಕು. ಜೋಪಾನದ ಹೆಸರಿನಲ್ಲಿ ಇಸ್ಕೊಳ್ಳುವ ಚಾಳಿ ನಮಗೂ ಬರಬಾರದು. ಮೂರು, ಪ್ರತಿ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಆ ಊರಿನ ಕೇರಿಯ ಹಿರಿಯರ ಮಾತು, ಅದರಲ್ಲೂ ‘ಹೆಣ್ಣಾಳು ಇಷ್ಟು’ ಎಂದು ಎಣಿಸಿಹೋದವರ ಮೊಮ್ಮಕ್ಕಳ ಮಾತು, ಧ್ವನಿಯಾಗಿ ದಾಖಲಾಗಬೇಕು. ಒಂದನ್ನು ಇನ್ನೊಂದರ ಎದುರಿಗೆ ನಿಲ್ಲಿಸಿ ಓದುವುದೇ ನಮ್ಮ ವಿಮರ್ಶೆಯ ಪದ್ಧತಿ.

ಇದು ಪ್ರಬಂಧ ಬರೆದು ಬಡ್ತಿ ಪಡೆಯುವ ಮಾತಲ್ಲ. 2023ರ ತಿದ್ದುಪಡಿಯ ಮೇಲೆ ಮತ್ತೆ ಅರ್ಜಿ ಹಿಡಿದು ಉಪವಿಭಾಗಾಧಿಕಾರಿಗಳ ಕಚೇರಿಯ ಮುಂದೆ ನಿಂತಿರುವ ಜನ ಇದ್ದಾರೆ. ಅವರಲ್ಲಿ ಅನೇಕರ ಬಳಿ ಮೂಲ ಚೀಟಿ ಇಲ್ಲ. ಅದರ ಸುಳಿವು ಯಾವುದೋ ಮನೆಯ ಅಟ್ಟದ ಮೇಲಿನ ಪುಸ್ತಕದಲ್ಲಿ ಇರಬಹುದು, ಇಂಥ ವರ್ಷ ಇಂಥವನಿಗೆ ಇಷ್ಟು ‘ಕೊಟ್ಟು’ ಜಮೀನು ಬರೆಸಿಕೊಂಡದ್ದು ಎಂಬ ಒಂದು ಸಾಲಿನಲ್ಲಿ. ಆ ಸಾಲು ಯಜಮಾನರ ಕಣ್ಣಿಗೆ ಔದಾರ್ಯ. ಕಾನೂನಿನ ಕಣ್ಣಿಗೆ ಅದು ಅಸಿಂಧುವಾದ ವರ್ಗಾವಣೆಯ ರುಜುವಾತು. ಅದನ್ನು ಓದಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಪ್ರತಿ ತಾಲ್ಲೂಕಿನಲ್ಲೂ ತಯಾರಾಗಬೇಕು.